ತೋಡಿದ ಮಣ್ಣು ಎಲ್ಲಿ ಹೋಯಿತು

ಹೋದ ತಿಂಗಳು ವಿಜಯಪುರದಿಂದ ಇಂಡಿಗೆ ಹೊರಟಿದ್ದಾಗ ಹೊರ್ತಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಡ್ರೈವರು ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ. ನಾವೆಲ್ಲ ಇಳಿದು ಬೇವಿನ ನೆರಳು ಹುಡುಕಿಕೊಂಡೆವು. ಪಕ್ಕದ ಹೊಲದಲ್ಲಿ ಜೆಸಿಬಿಯೊಂದು ಕೃಷಿಹೊಂಡ ತೋಡುತ್ತಿತ್ತು. ಮೇಲಿನ ಕರಿ ಎರೆಮಣ್ಣು ಮುಗಿದು ಅದರ ಕೆಳಗಿನ ಹಳದಿ ಗರಸು, ಹರಳು ಬೆರೆತ ಗಟ್ಟಿ ಮಣ್ಣು, ಆಗಷ್ಟೇ ಹೊರಗೆ ಬೀಳುತ್ತಿತ್ತು. ಗರಸಿಗೆ ಒಂದು ವಾಸನೆ ಇದೆ. ಮಳೆ ಬಿದ್ದಾಗಿನ ಮಣ್ಣಿನ ವಾಸನೆಯಲ್ಲ, ಅದನ್ನು ಎಲ್ಲರೂ ಹೊಗಳಿ ಹೊಗಳಿ ಸವೆಸಿಟ್ಟಿದ್ದಾರೆ. ಇದು ಒಣ ವಾಸನೆ, ತುಸು ಹುಳಿ, ಹೊಸ ಗಡಿಗೆಯೊಳಗೆ ಮೂಗಿಟ್ಟ ಹಾಗೆ. ನಾನು ಚಿಕ್ಕವಳಿದ್ದಾಗ ಅಪ್ಪನ ಅಂಗಿಗೆ ಇದೇ ವಾಸನೆ ಇರುತ್ತಿತ್ತು.

ಜೆಸಿಬಿಯವನು ತೆಗೆದ ಮಣ್ಣನ್ನು ಹೊಂಡದ ದಂಡೆಯ ಮೇಲೆಯೇ ಸುರಿಯುತ್ತಿದ್ದ. ನನಗೆ ಸುಮ್ಮನಿರಲು ಆಗಲಿಲ್ಲ. ಬದು ದಾಟಿ ಹೋಗಿ, "ತಮ್ಮಾ, ಮಣ್ಣು ದೂರ ಹಾಕಪ್ಪಾ," ಎಂದೆ. ಅವನು ನನ್ನ ಕನ್ನಡಕ, ಕೈಚೀಲ, ಇಸ್ತ್ರಿ ಸೀರೆ ಎಲ್ಲ ನೋಡಿ ನಕ್ಕ. "ಯಾಕ್ರಿ ಅಕ್ಕಾರ, ನೀವೇನು ಎಂಜಿನಿಯರ ಏನು?" ಎಂದ. ಅಲ್ಲ ಎಂದೆ. ಮಣ್ಣು ದೂರ ಯಾಕೆ ಹಾಕಬೇಕು ಎಂದು ನಾನು ಕಲಿತದ್ದು ಯಾವ ಕಾಲೇಜಿನಲ್ಲಿಯೂ ಅಲ್ಲ. ಒಂದು ಬೇಸಿಗೆಯಲ್ಲಿ, ಕಂಪ್ಯೂಟರಿನ ಆಟವೊಂದನ್ನು ಅಪ್ಪನ ಜೊತೆ ಆಡುತ್ತ ಕಲಿತದ್ದು.

ಅದು ಎರಡು ಸಾವಿರದ ಎಂಟನೆಯ ಇಸವಿ ಇರಬೇಕು, ಇಲ್ಲವೇ ಒಂಬತ್ತು. ಇಂಡಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನೊಂದು ಕಂಪ್ಯೂಟರ್ ಕ್ಲಾಸು ತೆರೆದಿದ್ದೆ. ಮೂರು ಕಂಪ್ಯೂಟರು, ಒಂದು ಫ್ಯಾನು, ಗೋಡೆಗೆ ಕೀಬೋರ್ಡಿನ ದೊಡ್ಡ ಚಿತ್ರ. ಪರೀಕ್ಷೆ ಮುಗಿದ ಮೇಲೆ ಬೇಸಿಗೆಯಲ್ಲಿ ಕಲಿಯುವವರು ಸಾಲುಗಟ್ಟಿ ಬರುತ್ತಾರೆ ಎಂದುಕೊಂಡಿದ್ದೆ. ಬಂದದ್ದು ಬಿಸಿಲು ಮಾತ್ರ. ಕರೆಂಟು ತನಗೆ ತಿಳಿದಾಗ ಬರುತ್ತಿತ್ತು, ನಮಗೆ ಬೇಕಾದಾಗ ಹೋಗುತ್ತಿತ್ತು. ಮೂರರಲ್ಲಿ ಒಂದು ಕಂಪ್ಯೂಟರನ್ನು ಸೊಲ್ಲಾಪುರದಿಂದ ಹಳೆಯದು ಕೊಂಡು ತಂದಿದ್ದೆ. ಅದರೊಳಗೆ ಹಿಂದಿನ ಯಜಮಾನ ಬಿಟ್ಟುಹೋದ ಒಂದು ಆಟವಿತ್ತು.

ವಿಚಿತ್ರ ಆಟ. ಗೆಲ್ಲುವುದಿಲ್ಲ, ಸೋಲುವುದಿಲ್ಲ. ನೆಲವನ್ನು ಬದನೆಕಾಯಿ ಸೀಳಿದ ಹಾಗೆ ಸೀಳಿ ನಿಮ್ಮ ಮುಂದೆ ಇಡುತ್ತಾರೆ. ಎಲ್ಲವೂ ಚೌಕ ಚೌಕ. ಕರಿ ಚೌಕ ಮಣ್ಣು, ಹಳದಿಯದು ಉಸುಕು, ಬೂದಿ ಬಣ್ಣದ್ದು ಕಲ್ಲು. ಗುದ್ದಲಿ ಹಿಡಿದ ನಾಲ್ಕಾರು ಪುಟ್ಟ ಮನುಷ್ಯರನ್ನು ಕೊಟ್ಟು, ನಿನಗೆ ತಿಳಿದಂತೆ ತೋಡು, ಕಟ್ಟು, ಬದುಕು ಎಂದು ಬಿಟ್ಟುಬಿಡುತ್ತಾರೆ. ನಾನು ತೋಡುತ್ತಿದ್ದೆ. ಕೆಳಗೆ ಚಂದದೊಂದು ಕೋಣೆ ಆಗುತ್ತಿತ್ತು. ಇನ್ನೆರಡು ಚೌಕ ಅಗಲ ಮಾಡೋಣ ಎನ್ನುವಷ್ಟರಲ್ಲಿ ಮೇಲಿನ ನೆಲವೆಲ್ಲ ದಬ್ಬನೆ ಕುಸಿದು, ಧೂಳೆದ್ದು, ನನ್ನ ಮನುಷ್ಯರು ಕಾಣೆಯಾಗುತ್ತಿದ್ದರು. ಯಾಕೆ ಕುಸಿಯಿತು, ಯಾವಾಗ ಕುಸಿಯುತ್ತದೆ, ಒಂದೂ ತಿಳಿಯುತ್ತಿರಲಿಲ್ಲ. ನನಗೆ ಮೊದಲೇ ಮೂಗಿನ ತುದಿಗೆ ಸಿಟ್ಟು. ಹತ್ತು ಸಲ ಹೀಗಾದ ಮೇಲೆ ಮೌಸನ್ನು ಮೇಜಿಗೆ ಕುಕ್ಕಿದೆ.

"ಅದು ನಿಂದ್ರೂದಿಲ್ಲಂತ ನನಗ ಆಗಳೇ ಗೊತ್ತಿತ್ತು," ಎಂದು ಹಿಂದಿನಿಂದ ಅಪ್ಪನ ದನಿ ಬಂತು.

ಅಪ್ಪ, ಎಂದರೆ ಗುರಪ್ಪ, ಆಗ ನಿಂಬೆಕಾಯಿ ಮಾರ್ಕೆಟ್ಟಿನಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ. ಆ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಮನೆಗೆ ಹೋಗಿ ಅವ್ವ ಕಟ್ಟಿದ ಬುತ್ತಿ ತಂದು ಕೊಟ್ಟು, ನಾನು ಉಣ್ಣುವತನಕ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದ. ಕಂಪ್ಯೂಟರಿನ ಕಡೆ ಅವನು ತಿರುಗಿ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆವತ್ತು ಎದ್ದು ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

"ಹೆಂಗ ಗೊತ್ತಾತು?" ಎಂದೆ.

"ನೀ ಕೆಳಗಿಂದ ತಿನಕೋತ ಹೊಂಟಿ. ಮ್ಯಾಲಿನ ಭಾರ ಯಾರ ಹೊರಬೇಕು? ನಡುವ ಒಂದು ಕಂಬಾ ಬಿಡಬೇಕಿತ್ತು. ನಿನ್ನ ಮಂದಿ ಭಾಳ ಶಾಣ್ಯಾರದಾರ ನೋಡು, ತಾವು ನಿಂತ ನೆಲಾನ ಕಡೀತಾರ."

ಮರುದಿನ ಅಪ್ಪ ಬುತ್ತಿ ಕೊಟ್ಟವನೇ ಬೆಂಚನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದ. ನನ್ನ ಎಡಗೈ ರೊಟ್ಟಿಯ ಮೇಲೆ, ಬಲಗೈ ಮೌಸಿನ ಮೇಲೆ. ಅವ್ವ ಕಂಡಿದ್ದರೆ ಎರಡೂ ಕೈಗೆ ಕೊಡುತ್ತಿದ್ದಳು. ಅಪ್ಪ ಆ ಆಟದ ನೆಲವನ್ನು ಹೊಸ ಊರಿನ ನೆಲ ನೋಡಿದ ಹಾಗೆ ನೋಡಿದ. ಇಲ್ಲೊಂದು ಚೌಕ ತೆಗಿ, ನಿಲ್ಲು. ಮತ್ತೊಂದು ತೆಗಿ, ನಿಲ್ಲು. ಅವಸರ ಇಲ್ಲ. ಹೀಗೆ ವಾರದೊಳಗೆ ಆಟದ ನೇಮವನ್ನೆಲ್ಲ ಬಿಡಿಸಿಟ್ಟ. ಮಣ್ಣಿನ ಚಾವಣಿ ನಾಲ್ಕು ಚೌಕದ ಅಗಲ ನಿಲ್ಲುತ್ತದೆ, ಐದನೆಯದಕ್ಕೆ ಬೀಳುತ್ತದೆ. ಕಲ್ಲಿನದು ಏಳರ ತನಕ ತಾಳುತ್ತದೆ. ನಡುವೆ ಒಂದು ಕಂಬ ಬಿಟ್ಟರೆ ಎಣಿಕೆ ಅಲ್ಲಿಂದ ಹೊಸದಾಗಿ ಶುರು. ಉಸುಕಿಗೆ ಕಂಬದ ಮುಲಾಜೂ ಇಲ್ಲ, ಕೆಳಗೆ ಒಂದು ಚೌಕ ಖಾಲಿಯಾದರೂ ಸುರಿಯುತ್ತದೆ. ಒಂದು ತುಂಡನ್ನು ನಾಲ್ಕೂ ಕಡೆಯಿಂದ ಕಡಿದು ಬಿಡಿಸಿದಿರೋ, ಅದು ಇಡಿಯಾಗಿ ಇಳಿದು ತನ್ನ ಕೆಳಗಿನ ಅಂತಸ್ತನ್ನೂ ಒಡೆದುಕೊಂಡು ಹೋಗುತ್ತದೆ.

"ಈ ಆಟ ಮಾಡಿದಾಂವ ಶಾಣ್ಯಾ ಅದಾನ," ಎಂದು ಅಪ್ಪ ಒಪ್ಪಿಗೆ ಕೊಟ್ಟ. "ಮ್ಯಾಲಿಂದ ಇಳಿಬೇಕು, ಕೆಳಗಿಂದ ತಿನಬಾರದು. ಇಷ್ಟ ತಿಳದ್ರ ಅರ್ಧಾ ಕಸಬ ಬಂದಂಗ."

ಅಪ್ಪನ ಬಾಯಿಂದ ಕಸಬು ಎಂಬ ಮಾತು ಬಂದದ್ದಕ್ಕೆ ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಯಾಕೆಂದರೆ ಅಪ್ಪನ ಕಸಬು ಬಾವಿ ತೋಡುವುದು. ಅದನ್ನು ಬಿಟ್ಟು ಆಗ ಹನ್ನೊಂದು ವರ್ಷವಾಗಿತ್ತು. ಆ ಹನ್ನೊಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಬಾವಿ ಎಂಬ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ.

ನಮ್ಮ ಊರು ತಾಂಬಾ. ಅಲ್ಲಿ ಅಪ್ಪ ಮತ್ತು ಮೌಲಾಸಾಬ ಕಾಕಾ ಬಾವಿ ತೋಡುವುದರಲ್ಲಿ ಜೋಡಿ. ಸಿಂದಗಿಯ ಕಡೆಯಿಂದಲೂ ಮಂದಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಮೇಲೆ, ಕಾಕಾ ಕೆಳಗೆ. ಕೆಳಗಿನವನು ಅಗೆದು ಬುಟ್ಟಿ ತುಂಬುತ್ತಾನೆ, ಮೇಲಿನವನು ಗಡಗಡಿಯ ಹಗ್ಗದಿಂದ ಎಳೆದು, ಆಳಿನ ಕೈಲಿ ಮಣ್ಣು ಚೆಲ್ಲಿಸಿ, ಖಾಲಿ ಬುಟ್ಟಿ ಇಳಿಸುತ್ತಾನೆ. ನಾನು ಸಿಂದಗಿಯ ಹಾಸ್ಟೆಲಿನಲ್ಲಿ ಹತ್ತನೆಯ ತರಗತಿ ಓದುತ್ತಿದ್ದ ವರ್ಷ, ತೋಟದ ಮನೆಯೊಂದಕ್ಕೆ ಕುಡಿಯುವ ನೀರಿನ ಬಾವಿ ತೋಡುವಾಗ ಒಂದು ಬದಿ ಕುಸಿಯಿತು. ಕಾಕಾನನ್ನು ಎದೆಮಟ್ಟದ ಮಣ್ಣಿನಿಂದ ಬಿಡಿಸಿದರು. ಜೀವ ಉಳಿಯಿತು, ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ತಿಂಗಳೊಳಗೆ ಅಪ್ಪ ಗುದ್ದಲಿ ಸಲಿಕೆ ಯಾರಿಗೋ ಕೊಟ್ಟು ನಮ್ಮನ್ನೆಲ್ಲ ಇಂಡಿಗೆ ಕರೆತಂದ. ಮತ್ತೆ ತಾಂಬಾಕ್ಕೆ ಹೋಗಲಿಲ್ಲ. ಮಣ್ಣು ಮೋಸ ಮಾಡಿತು ಎಂದು ಊರು ಹೇಳಿತು. ಗುರಪ್ಪನೇ ಗೋಡೆ ಬಡಿದು ನೋಡಿ ಗಟ್ಟಿ ಇದೆ ಎಂದಿದ್ದನಂತೆ ಎಂದು ಕೆಲವರು ಹೇಳಿದರು. ಹಾಸ್ಟೆಲಿನಲ್ಲಿ ಹಾಗೆಂದ ನಮ್ಮೂರ ಹುಡುಗಿಯ ಜಡೆ ಹಿಡಿದು ಜಗ್ಗಿ ನಾನು ಎರಡು ದಿನ ಹೊರಗೆ ನಿಲ್ಲುವ ಶಿಕ್ಷೆ ಅನುಭವಿಸಿದ್ದೆ.

ಮೇ ಮುಗಿಯುವ ಹೊತ್ತಿಗೆ ಒಂದು ದಿನ ಅಪ್ಪ, ಮುಖ ಬೇರೆ ಕಡೆ ಮಾಡಿ, "ಯವ್ವಾ, ಇದರಾಗ ಒಂದು ಬಾವಿ ತೋಡಾಕ ಬರ್ತೈತೇನು?" ಎಂದು ಕೇಳಿದ. ಯಾವ ಬಾವಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದು ಚೌಕ ಎಂದರೆ ಎರಡು ಮೊಳ ಎಂದು ಹಿಡಿದೆವು. ನಾಲ್ಕು ಚೌಕ ಅಗಲ. ಮೇಲೆ ನಾಲ್ಕು ಚೌಕ ಎರೆ, ಅದರ ಕೆಳಗೆ ಒಂದು ಚೌಕ ಸುಣ್ಣದ ಮಣ್ಣು, ಆಮೇಲೆ ಗರಸು. ಹನ್ನೊಂದು ವರ್ಷವಾದರೂ ಅಪ್ಪನಿಗೆ ಆ ಬಾವಿಯ ಒಂದೊಂದು ಪದರ ನೆನಪಿತ್ತು. ಆಟದಲ್ಲಿ ಬೇಕಾದ ನೆಲ ಸಿಗದೆ, ನಾವೇ ಚೌಕದ ಮೇಲೆ ಚೌಕ ಇಟ್ಟು ನೆಲ ಕಟ್ಟಿದೆವು. ಮೂರು ಮಧ್ಯಾಹ್ನ ಹಿಡಿಯಿತು. ನಡುವೆ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು, ಒಂದು ಸಲ ಕಟ್ಟಿದ್ದೆಲ್ಲ ಅಳಿಸಿಹೋಯಿತು. ಬೇರೆ ಯಾರಾದರೂ ಆಗಿದ್ದರೆ ಬಿಟ್ಟು ಎದ್ದು ಹೋಗುತ್ತಿದ್ದರು. ಅಪ್ಪ, "ಮತ್ತ ಹಚ್ಚು," ಎಂದ.

"ಈಗ ಕೆಳಗ ಒಬ್ಬನ್ನ ಇಳಸು."

ಇಳಿಸಿದೆ. ಪುಟ್ಟ ಮನುಷ್ಯ ಕೆಳಗೆ ಹೋಗಿ ಗುದ್ದಲಿ ಎತ್ತಿದ. ಎರೆ ಮುಗಿಯಿತು, ಸುಣ್ಣದ ಮಣ್ಣು ಮುಗಿಯಿತು, ಗರಸು ಬಂತು. ಅಪ್ಪ ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದ. ಬಾವಿ ಬೀಳಲಿಲ್ಲ. ಒಂದು ಚೌಕ ಅಗಲ ಮಾಡಿಸಿದ, ಬೀಳಲಿಲ್ಲ. ಈ ಆಟದಲ್ಲಿ ಬೀಳುವುದು ಚಾವಣಿ. ಬಾವಿಗೆ ಚಾವಣಿ ಎಲ್ಲಿಂದ ಬರಬೇಕು? ಗೋಡೆಯನ್ನು ಎಷ್ಟು ಆಳ ಇಳಿಸಿದರೂ ಅದು ನೆಟ್ಟಗೆ ನಿಂತೇ ಇರುತ್ತಿತ್ತು.

ನನಗೆ ಎದೆಯ ಮೇಲಿನ ಕಲ್ಲು ಇಳಿದಷ್ಟು ಖುಷಿಯಾಯಿತು. "ನೋಡಪ್ಪಾ, ನಿಂತೈತಿ! ನಿಂದೇನೂ ತಪ್ಪಿದ್ದಿಲ್ಲ," ಎಂದುಬಿಟ್ಟೆ. ಎಷ್ಟು ಮೂರ್ಖಳು ನಾನು. ಅಪ್ಪನ ಮುಖ ಇಳಿಯಿತು. ಪರದೆಯನ್ನು ಬಹಳ ಹೊತ್ತು ನೋಡಿದ.

"ಇಷ್ಟ ಮಣ್ಣು ತಗದ್ವಿ. ಆ ಮಣ್ಣು ಎಲ್ಲೈತಿ?" ಎಂದ.

"ಎಲ್ಲೂ ಇಲ್ಲ. ತಗದ ಕೂಡ್ಲೆ ಇಲ್ಲದಂಗ ಆಗ್ತೈತಿ."

"ಇಲ್ಲದಂಗ ಅಂದ್ರ?"

"ಅದಕ್ಕ ತೂಕಿಲ್ಲಪ್ಪಾ. ಜಾಗಾನೂ ಬೇಡೂದಿಲ್ಲ. ಆಟ ಅಲ್ಲೇನು."

ಅಪ್ಪ ಸಣ್ಣಗೆ ನಕ್ಕ. "ನೇಮದಾಗ ಬೀಳೂದೆಲ್ಲಾ ಬರದಾನ, ತಗದದ್ದು ಎಲ್ಲಿ ಇಡಬೇಕಂತ ಬರದಿಲ್ಲ," ಎಂದ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಯುಪಿಎಸ್ಸು ಕೂಗಿಕೊಳ್ಳತೊಡಗಿತು. ಅದನ್ನು ನಾನು ಬಂದ್ ಮಾಡಿದೆ. ಹೊರಗೆ ಓಣಿಯ ತುಂಬ ಬಿಸಿಲು, ಒಳಗೆ ನಾವಿಬ್ಬರೇ. ಆಗ ಅಪ್ಪ ಹೇಳಿದ.

"ಬಾವಿ ಬಾಯಿಂದ ಹತ್ತ ಹೆಜ್ಜಿ ದೂರ ಮಣ್ಣು ಚೆಲ್ಲಬೇಕು. ನಮ್ಮಪ್ಪ ಕಲಿಸಿದ್ದು. ಮೊದಲ ಸಲಿಕಿ ಹಾಕೂದ್ರಾಗ ಹತ್ತ ಹೆಜ್ಜಿ ಅಳದು ಅಲ್ಲೊಂದು ಕಲ್ಲ ಇಡ್ತಿದ್ವಿ. ಕಲ್ಲಿನ ಆಚಿ ಮಣ್ಣು, ಈಚಿ ಮನಷ್ಯಾ. ಎರಿ ಅನ್ನೂದು ಬ್ಯಾಸಗ್ಯಾಗ ಬಿರಿತೈತಿ. ಮೊದಲ ಮಳಿಗೆ ಆ ಬಿರುಕಿನ್ಯಾಗ ನೀರ ಇಳದು ಉಬ್ಬತೈತಿ. ಅಂಥಾದ್ರ ತಲಿ ಮ್ಯಾಲ ಭಾರ ಹೇರಿದ್ರ ಗ್ವಾಡಿ ಒಳಗ ಬಾರದ ಎಲ್ಲಿ ಹೋದೀತು?"

ಬಾವಿ ಕುಸಿದ ದಿನದ ಮರುದಿನ ಮಣ್ಣೆತ್ತಿನ ಅಮಾವಾಸ್ಯೆ ಇತ್ತು. ಅಂದು ನೆಲಕ್ಕೆ ಕಬ್ಬಿಣ ಹಚ್ಚುವುದಿಲ್ಲ. ಹಿಂದಿನ ಎರಡು ಸಂಜೆ ಮಳೆಯಾಗಿತ್ತು. ಗರಸು ಹತ್ತಿದ ಮೇಲೆ ಕೆಲಸ ನಿಲ್ಲಿಸಿದರೆ ಬಾವಿ ನಿಲ್ಲುತ್ತದೆ, ಎರೆಯಲ್ಲಿ ಬಿಟ್ಟರೆ ಮಳೆಗೆ ಕುಸಿಯುತ್ತದೆ ಎಂದು ಇಬ್ಬರೂ ಅವಸರ ಮಾಡಿದರು. ಕುಸಿಯಬಾರದು ಎಂದೇ ಮಾಡಿದ ಅವಸರ ಅದು. ಮಣ್ಣು ಹೊರಲು ಮೇಲೆ ಇನ್ನೊಬ್ಬ ಆಳು ಇರುತ್ತಿದ್ದ, ಅವನು ಜ್ವರ ಬಂದು ಮಲಗಿದ್ದ. ಹಗ್ಗ ಎಳೆಯುವುದೂ ಅಪ್ಪನೇ, ಹತ್ತು ಹೆಜ್ಜೆ ಹೊತ್ತು ಚೆಲ್ಲುವುದೂ ಅಪ್ಪನೇ.

"ಮಧ್ಯಾಹ್ನದ ಮ್ಯಾಲ ಕಾಲ ಸೋತ್ವು. ಒಂದು ಬುಟ್ಟಿ ಕಲ್ಲಿನ ಈಚಿ ಚೆಲ್ಲಿದೆ. ಒಂದ ಬುಟ್ಟಿಗೆ ಏನಾಗ್ತೈತಿ ಅಂತ. ಆಮ್ಯಾಲ ಎಲ್ಲಾ ಅಲ್ಲೇ ಚೆಲ್ಲಿದೆ, ದಂಡಿ ಮ್ಯಾಲನ. ಕೆಳಗಿಂದ ಮೌಲಾ ಒದರಿದ, 'ಗುರಪ್ಪಾ, ಮಣ್ಣು ದೂರ ಹಾಕಾಕತ್ತೀ ಹೌದಲ್ಲೋ?' ಅಂದ. ನಾ ಹೂಂ ಅಂದೆ."

ಆಮೇಲೆ ಅಪ್ಪ, "ಬಿದ್ದಾಗ ಆ ಮಣ್ಣಿನ ಗುಡ್ಡಿನೂ ಗ್ವಾಡಿ ಜೋಡಿ ಒಳಗ ಹೋತು. ನೋಡಾಕ ಬಂದವರಿಗೆ ದಂಡಿ ಮ್ಯಾಲ ಏನೂ ಉಳೀಲಿಲ್ಲ. ಎಲ್ಲಾರೂ ಮಣ್ಣು ಮೋಸ ಮಾಡ್ತು ಅಂದ್ರು. ನಾ ಅದಕ್ಕೂ ಹೂಂ ಅಂದೆ," ಎಂದ.

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಆ ಹುಡುಗಿಯ ಜಡೆ ನೆನಪಾಯಿತು. "ಹನ್ನೊಂದು ವರ್ಷ ಕಾಕಾಗ ಒಂದ ಮಾತ ಹೇಳಲಿಲ್ಲಲ್ಲಪ್ಪಾ," ಎಂದೆ. ದನಿ ಏರಿತ್ತು.

"ಹೇಳಬೇಕಂತ ಸೊಲ್ಲಾಪುರ ದವಾಖಾನಿಗೆ ಹೋಗಿದ್ದೆ. ಅವನ ಹೇಣ್ತಿ ಬಾಗಲದಾಗ ನಿಂತಿದ್ಳು. ನನ್ನ ನೋಡಿ, 'ನೀ ಇದ್ದಿ ಅಂತ ಜೀವ ಉಳೀತಣ್ಣಾ' ಅಂದ್ಳು. ಹೊಳ್ಳಿ ಬಂದೆ."

ಅದಾದ ಮೇಲೆ ಅಪ್ಪ ಬುತ್ತಿಯನ್ನು ಹೊಸ್ತಿಲ ಮೇಲಿಟ್ಟು ಹೋಗತೊಡಗಿದ. ಬೆಂಚು ಖಾಲಿ. ನಾನೂ ಆ ಆಟವನ್ನು ಮತ್ತೆ ತೆರೆಯಲಿಲ್ಲ. ನಾನು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡಿದ್ದೇನೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹತ್ತು ಹೆಜ್ಜೆ ನಡೆಯಲಾರದಷ್ಟು ದಣಿದಿದ್ದ ಅವನ ಕಾಲುಗಳೇ ನನ್ನ ಕಣ್ಣ ಮುಂದೆ ಬರುತ್ತಿದ್ದವು. ಹಾಸ್ಟೆಲಿನಲ್ಲಿ ನನ್ನನ್ನು ಓದಿಸುತ್ತಿದ್ದವು ಅವೇ ಕಾಲುಗಳು. ಹಾಗಂತ ಕಾಕಾನ ಕಾಲನ್ನು ಮರೆಯಲಿಕ್ಕಾಗುತ್ತದೆಯೇ? ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಲು ನನಗೆ ಆಗಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಮಾರ್ಕೆಟ್ಟಿನಲ್ಲಿ ಹಸಿ ಚೀಲಗಳ ವಾಸನೆ, ಓಣಿಯಲ್ಲಿ ಪಾದ ಹಿಡಿದುಕೊಳ್ಳುವ ಎರೆಯ ಕೆಸರು. ಒಂದು ರವಿವಾರ ಬೆಳಿಗ್ಗೆ ಅಪ್ಪ ಧೋತರ ಉಟ್ಟು ಬಂದು ನನ್ನ ಮುಂದೆ ನಿಂತ.

"ತಾಂಬಾಕ್ಕ ಹೊಂಟೇನಿ. ನೀನೂ ಬಾ."

"ನಾ ಬಂದು ಏನ ಮಾತಾಡ್ಲಿ?"

"ಮಾತಾಡಬ್ಯಾಡ. ನಾ ನಡಬರಕ ಹೊಳ್ಳಿ ಬರದಂಗ ನೋಡ್ಕೋ, ಅಷ್ಟ ಸಾಕು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅಪ್ಪನನ್ನು ಕೂರಿಸಿ ಈಚೆ ನಾನು ಕೂತೆ, ಇಳಿದು ಓಡಿಹೋಗದಂತೆ. ದಾರಿಯಲ್ಲಿ ಎರಡೂ ಕಡೆ ಬಿತ್ತನೆ ನಡೆದಿತ್ತು.

ತಾಂಬಾದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಮೌಲಾಸಾಬ ಕಾಕಾನ ಸೈಕಲ್ ರಿಪೇರಿ ಅಂಗಡಿ. ನಾಲ್ಕು ಕಂಬ, ಮೇಲೊಂದು ತಗಡು. ಕಾಕಾ ನೆಲದ ಮೇಲೆ ಕೂತು ಒಂದು ಟ್ಯೂಬಿಗೆ ಗಾಳಿ ತುಂಬುತ್ತಿದ್ದ. ಕೋಲು ಪಕ್ಕದಲ್ಲಿತ್ತು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದ. ಸ್ಟೂಲನ್ನು ನನ್ನ ಕಡೆ ಸರಿಸಿ, "ಕುಂದರವ್ವಾ. ಸವಿತಾ ಅಲ್ಲೇನು? ಭಾಳ ಎತ್ತರ ಆಗಿ," ಎಂದ. ಅಪ್ಪನಿಗೆ ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ.

ಅಪ್ಪ ತಗಡಿನ ಕೆಳಗೂ ಬಾರದೆ, ತುಂತುರು ಮಳೆಯಲ್ಲಿ ನಿಂತೇ ಹೇಳಿದ. ಹತ್ತು ಹೆಜ್ಜೆ, ಕಲ್ಲು, ದಂಡೆ, ಹೂಂ ಎಂದದ್ದು. ನನಗೆ ಹೇಳಿದಷ್ಟು ಉದ್ದವಾಗಿ ಹೇಳಲಿಲ್ಲ, ಆದರೆ ಏನನ್ನೂ ಬಿಡಲಿಲ್ಲ. ಕಾಕಾ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದ. ತೂತು ಸಿಕ್ಕಿತು. ಒರೆಸಿ, ಉಜ್ಜಿ, ಅಂಟು ಸವರಿ, ಬಾಯಿಂದ ಊದಿ ಒಣಗಲು ಬಿಟ್ಟ.

"ಗೊತ್ತಿತ್ತು," ಎಂದ ಕಾಕಾ.

ಅಪ್ಪನಿಗೆ ಅರ್ಥವಾಗಲಿಲ್ಲ. "ಯಾರ ಹೇಳಿದ್ರು?"

"ಬುಟ್ಟಿ ಹೇಳ್ತು. ಮುಂಜಾನಿ ನಾ ಬುಟ್ಟಿ ತುಂಬಿ ಕಳಿಸಿದ್ರ, ಖಾಲಿ ಬುಟ್ಟಿ ಬರೂದ್ರಾಗ ಅರ್ಧಾ ಬೀಡಿ ಸೇದ್ತಿದ್ದೆ. ಮಧ್ಯಾಹ್ನದ ಮ್ಯಾಲ ಕಡ್ಡಿ ಕೊರಿಯೂದ್ರಾಗ ಬುಟ್ಟಿ ತಲಿ ಮ್ಯಾಲ ಬಂದಿರ್ತಿತ್ತು. ಹತ್ತ ಹೆಜ್ಜಿ ಹೋಗಿ ಬರೂ ಮನಷ್ಯಾಂದು ಬುಟ್ಟಿ ಅಷ್ಟ ಲಗೂ ಬರೂದಿಲ್ಲೋ ಗುರಪ್ಪಾ."

"ಗೊತ್ತಿದ್ದೂ ಕೆಳಗ್ಯಾಕ ನಿಂತಿ? ಮ್ಯಾಲ ಬರಬೇಕಿತ್ತಲ್ಲೋ ಮೌಲಾ!" ಎಂದು ಅಪ್ಪ ಚೀರಿದ. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು.

"ಬರಬೇಕಿತ್ತು. ನನಗೂ ಮುಗಸೂದಿತ್ತು. ಒಂದು ಮೊಳ ಹೋದ್ರ ಗರಸು ಅನ್ನೂ ಆಸೆ. ಅದಕ್ಕ ನಿನ್ನ ಕೇಳಿದೆ. ನೀ ಹೂಂ ಅಂದಿ. ನನಗ ಅಷ್ಟ ಸಾಕಾಗಿತ್ತು." ಕಾಕಾ ತೇಪೆಯನ್ನು ಟ್ಯೂಬಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದ. "ಕಾಲಿನ ಸಿಟ್ಟು ಎರಡು ವರ್ಷಕ್ಕ ಇಳೀತು. ಅದರಾಗ ನನ್ನ ಪಾಲೂ ಇತ್ತಲ್ಲ. ನೀ ಬರಲಿಲ್ಲ ನೋಡು, ಆ ಸಿಟ್ಟು ಇಳದಿಲ್ಲ. ಬಸ್ಸು ಬಂದಾಗೊಮ್ಮೆ ನೋಡ್ತಿದ್ದೆ. ಅಂಗಡಿ ಇಲ್ಲೇ ಯಾಕ ಹಾಕೇನಿ ಅಂತಿ?"

ಅಪ್ಪ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ. ಮಳೆಯ ನೀರೋ ಏನೋ, ನಾನು ನೋಡಲು ಹೋಗಲಿಲ್ಲ. ನಾನು ನನ್ನ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಇಂಡಿಯ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಅಪ್ಪ ಕದಲಲಿಲ್ಲ. ಕಾಕಾನೇ ಕೈ ಮಾಡಿ ಕಂಡಕ್ಟರಿಗೆ ನಿಲ್ಲು ಎಂದು ಸನ್ನೆ ಮಾಡಿದ.

"ಹೋಗು. ಇವತ್ತ ಹೇಳೂ ಕೆಲಸಿತ್ತು, ಬಂದಿ. ಕೆಲಸಿಲ್ಲದಾಗ ಬಾ. ಆವಾಗ ಕುಂದರು ಅಂತೇನಿ."

ಮರುದಿನ ಸೋಮವಾರ. ಬೆಳಿಗ್ಗೆ ಅಪ್ಪ ಮಾರ್ಕೆಟ್ಟಿನ ಅಂಗಿ ಹಾಕಿಕೊಳ್ಳದೆ ಮತ್ತೆ ಧೋತರ ಉಟ್ಟು ಚಪ್ಪಲಿ ಮೆಟ್ಟಿದ. ಅವ್ವ ಒಲೆಯ ಮುಂದಿನಿಂದ, "ನಿನ್ನೆ ತಾಂಬಾಕ್ಕ ಹೋಗಿ ಬಂದೀರಿ, ಇವತ್ತ ಮತ್ತ ಅಲ್ಲೇನ ಕೆಲಸ?" ಎಂದು ಕೇಳಿದಳು.

"ಏನೂ ಕೆಲಸಿಲ್ಲ," ಎಂದು ಅಪ್ಪ ಬಸ್ಸಿಗೆ ಹೋದ.